ಕೆಲಸಕ್ಕೆ ಹೋದ ಸಿಂಹಾಸನ

ದೀಪಾವಳಿ ಎದುರಿಗೆ ಬಂದು ನಿಂತಿದ್ದರೂ ಆ ದಿನ ಬೆಳಗಿನಿಂದ ಜಿಟಿಜಿಟಿ ಮಳೆ. ಕೋಥರೂಡದ ಅಪಾರ್ಟ್‌ಮೆಂಟ್ ಸೊಸೈಟಿಯ ಅಂಗಳದಲ್ಲಿ ಕೇತಕಿ ಛತ್ರಿ ಹಿಡಿದು ನಿಂತಿದ್ದಳು. ಛತ್ರಿ ಅವಳ ತಲೆಯ ಮೇಲಿರಲಿಲ್ಲ, ಅವಳು ಕಟ್ಟಿದ ಮಣ್ಣಿನ ಕಿಲ್ಲೆಯ ಮೇಲಿತ್ತು.

ಹಬ್ಬಕ್ಕೆ ಆ ಮರಾಠಿ ಊರಿನ ಮಕ್ಕಳೆಲ್ಲ ಕಿಲ್ಲೆ, ಅಂದರೆ ಮಣ್ಣಿನ ಪುಟ್ಟ ಕೋಟೆ, ಕಟ್ಟುತ್ತಾರೆ. ಕೇತಕಿಗೆ ಕೆಂಪು ಮಣ್ಣಿನ ಚೀಲ ಹೊತ್ತು ತಂದುಕೊಟ್ಟವನು ಅಣ್ಣ ವಿಕ್ರಮ. ಬುರುಜಿಗೆ ಪುಟ್ಟ ಬಲ್ಬು ಜೋಡಿಸಿದವನೂ ಅವನೇ. ಗೋಡೆಯ ಮೇಲೆ ಸಾಸಿವೆ ಚಿಗುರಿತ್ತು. ಎಲ್ಲಕ್ಕಿಂತ ಮೇಲೆ, ನುಣ್ಣನೆಯ ಕರಿ ಸಿಂಹಾಸನದಲ್ಲಿ ಮಣ್ಣಿನ ಗೊಂಬೆ ಮಹಾರಾಜರು ಕುಳಿತಿದ್ದರು. ಅಂಥ ಸಿಂಹಾಸನ ಸೊಸೈಟಿಯ ಬೇರೆ ಯಾವ ಕಿಲ್ಲೆಗೂ ಇರಲಿಲ್ಲ. ಸಂಜೆ ಸ್ಪರ್ಧೆ.

ಮಳೆ ನಿಂತ ಮೇಲೆ ಅವಳು ಮನೆಗೆ ಬಂದಳು. ವಿಕ್ರಮ ಮಂಚದ ಕೆಳಗೆ ತಲೆ ಹಾಕಿ ಏನೋ ಹುಡುಕುತ್ತಿದ್ದ.

ಅವನು ಕಾಲೇಜು ಹುಡುಗ. ಟ್ಯೂಶನ್ ಹೇಳಿ ದುಡ್ಡು ಕೂಡಿಸಿ, ಒಂದೊಂದೇ ಸಾಮಾನು ತಂದು ತಾನೇ ಕಂಪ್ಯೂಟರ್ ಜೋಡಿಸುತ್ತಿದ್ದ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ಅವನು ತಂದ ಪ್ರೊಸೆಸರನ್ನು ಕಂಪನಿ ಇಟ್ಟ ವೇಗಕ್ಕಿಂತ ಜೋರಾಗಿ ಓಡಿಸಬಹುದಿತ್ತು. ಅದಕ್ಕೆ ಓವರ್‌ಕ್ಲಾಕ್ ಎನ್ನುತ್ತಾರೆ. ಆದರೆ ಪ್ರೊಸೆಸರ್ ಕೂರುವ ಖಾಚು, ಅಂದರೆ ಚೌಕ ಕುಳಿ, ಇರುವ ಮದರ್‌ಬೋರ್ಡ್ ಕೂಡ ಅದಕ್ಕೆ ಒಪ್ಪಬೇಕು. ಎರಡನ್ನೂ ನಿನ್ನೆ ಜೋಡಿಸಿ ನೋಡಿದಾಗ ವೇಗ ಏರಿಸುವ ದಾರಿಯೇ ಕಾಣಲಿಲ್ಲ.

"ಎರಡೂ ಕೂಡ್ತಾವ ಅಂದಿದ್ದೆಲ್ಲೋ?" ಅಜ್ಜಿ ಗಂಗೂಬಾಯಿ ಕೇಳಿದರು.

"ಕೂಡೂದು ಕೂಡ್ತಾವ ಅಜ್ಜಿ. ಖಾಚಿನ್ಯಾಗ ಸರಿ ಕೂತದ. ಆದ್ರ ಈ ಬೋರ್ಡ್ ಅದನ್ನ ಓಡ್ಲಿಕ್ಕೆ ಬಿಡೂದಿಲ್ಲ."

"ಅಂದ್ರ ಓಡೂ ಕುದುರಿ ತಂದು ಗಾಣಕ್ಕ ಕಟ್ಟೀದಿ," ಎಂದು ಅಜ್ಜಿ ಹಾಲಿನ ಪಾತ್ರೆಗೆ ತಟ್ಟೆ ಮುಚ್ಚಿದರು.

ಬಿಬವೇವಾಡಿಯ ಕಂಪ್ಯೂಟರ್ ಅಂಗಡಿಯ ದೇವಾನಂದ ಒಳ್ಳೆಯ ಮನುಷ್ಯ. ಇವತ್ತೇ ತಂದರೆ ಬೋರ್ಡ್ ಬದಲಿಸಿ ಕೊಡುತ್ತೇನೆ ಎಂದು ಫೋನಿನಲ್ಲಿ ಹೇಳಿದ್ದ. ನಾಳೆಯಿಂದ ಅಂಗಡಿಗೆ ಹಬ್ಬದ ರಜೆ. ಆದರೆ ಖಾಚಿನ ಮೇಲಿದ್ದ ಕರಿ ಪ್ಲಾಸ್ಟಿಕ್ ಮುಚ್ಚಳ ಬೇಕೇ ಬೇಕು, ಅದಿಲ್ಲದಿದ್ದರೆ ಕಂಪನಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ವಿಕ್ರಮ ಹುಡುಕುತ್ತಿದ್ದದ್ದು ಅದನ್ನೇ.

ಅವಲಕ್ಕಿ ತಿನ್ನುತ್ತ ಇದನ್ನೆಲ್ಲ ಕೇಳುತ್ತಿದ್ದ ಕೇತಕಿಯ ತುತ್ತು ಬಾಯಿಯಲ್ಲೇ ನಿಂತಿತು.

"ಅಷ್ಟ ಸಣ್ಣ ಮುಚ್ಚಳಾ ಯಾಕ ಬೇಕು ಅಣ್ಣಾ?"

ವಿಕ್ರಮ ಅವಳನ್ನು ಹತ್ತಿರ ಕರೆದು ಬೋರ್ಡಿನ ಖಾಚು ತೋರಿಸಿದ. ಅದರೊಳಗೆ ಕೂದಲಿನಷ್ಟು ಸಣ್ಣ ಬಂಗಾರ ಬಣ್ಣದ ಪಿನ್ನುಗಳು, ಸಾಲು ಸಾಲಾಗಿ. "ಒಂದು ಬಾಗಿದ್ರೂ ಎಲ್ಲಾ ಕೆಡ್ತದ. ನೀ ಬೆಳಿಗ್ಗಿಂದ ಕಿಲ್ಲಾಕ್ಕ ಛತ್ರಿ ಹಿಡದು ನಿಂತಿದ್ದೆಲಾ, ಹಂಗ ಇದಕ್ಕ ಆ ಮುಚ್ಚಳಾ." ಆಮೇಲೆ ತನಗೇ ಹೇಳಿಕೊಂಡಂತೆ, "ನಾನ ಕಸದಾಗ ಒಗದಿರಬೇಕು. ನಂದ ತಪ್ಪು," ಎಂದ.

ಕೇತಕಿ ಅಂಗಳಕ್ಕೆ ಇಳಿದಳು.

ಸಾಸಿವೆ ಚಿಗುರಿನ ತುದಿಯಲ್ಲಿ ಮಳೆಹನಿ ಹೊಳೆಯುತ್ತಿತ್ತು. ಮಹಾರಾಜರು ಠೀವಿಯಿಂದ ಕುಳಿತಿದ್ದರು. ನಾಳೆ ಕೊಟ್ಟರಾಗದೇ ಎಂದು ಅವಳ ಮನಸ್ಸು ಒಮ್ಮೆ ಕೇಳಿತು. ನಾಳೆ ಅಂಗಡಿ ಇಲ್ಲ. ಅಣ್ಣ ಜೋಡಿಸಿದ ಬುರುಜಿನ ಬಲ್ಬು ಕಣ್ಣಿಗೆ ಬಿತ್ತು. ಅವಳು ಎರಡೂ ಕೈಯಿಂದ ಮಹಾರಾಜರನ್ನು ಎತ್ತಿ ಮಣ್ಣಿನ ಮೇಲೆ ಕೂರಿಸಿದಳು.

ಸಿಂಹಾಸನವಾಗಿದ್ದ ಮುಚ್ಚಳವನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಹಿಡಿದು ಒಣಗಿಸಿದಳು. ಅಣ್ಣನ ಮುಂದೆ ಅಂಗೈ ಚಾಚಿದಳು.

"ನೆಲದ ಮ್ಯಾಲ ಬಿದ್ದಿತ್ತು. ಕಸ ಅಂತ ತಿಳದು ತೊಗೊಂಡಿದ್ದೆ. ಕೇಳ್ಬೇಕಿತ್ತು."

ವಿಕ್ರಮ ಮುಚ್ಚಳ ತಿರುಗಿಸಿ ನೋಡಿದ. ಒಂದು ಮೂಲೆಯಲ್ಲಿ ಇನ್ನೂ ಚೂರು ಕೆಂಪು ಮಣ್ಣು ಉಳಿದಿತ್ತು. ಕಿಟಕಿಯಿಂದ ಕೆಳಗಿನ ಕಿಲ್ಲೆಯನ್ನೂ ನೋಡಿದ. ಸೂಜಿಯಿಂದ ಮಣ್ಣು ತೆಗೆದು, ಮುಚ್ಚಳವನ್ನು ಬೋರ್ಡಿಗೆ ಹಾಕಿ, ಸ್ಕೂಟರ್ ಹತ್ತಿ ಹೋದ.

ಸಂಜೆ ಸ್ಪರ್ಧೆಯ ಕಿಲ್ಲೆ ನೋಡಲು ಬಂದ ನೆರೆಯ ಚಿಕ್ಕಮ್ಮ, ಮಾಧುರಿ ಕಾಕು, ಮಹಾರಾಜರು ನೆಲದ ಮೇಲೇಕೆ ಕುಳಿತಿದ್ದಾರೆ ಎಂದು ಮರಾಠಿಯಲ್ಲಿ ಕೇಳಿದರು. ಸಿಂಹಾಸನ ಕೆಲಸಕ್ಕೆ ಹೋಗಿದೆ ಎಂದು ಕೇತಕಿಯೂ ಮರಾಠಿಯಲ್ಲೇ ಹೇಳಿದಳು. ಕಾಕು ಜೋರಾಗಿ ನಕ್ಕರು. ಆದರೂ ಮೊದಲ ಬಹುಮಾನ ಎದುರಿನ ಕಟ್ಟಡದ ಹುಡುಗ ಸುಂದರನಿಗೆ ಹೋಯಿತು.

ದೇವರ ಮುಂದೆ ದೀಪ ಹಚ್ಚುವ ಹೊತ್ತಿಗೆ ವಿಕ್ರಮ ಹೊಸ ಬೋರ್ಡ್ ತಂದ. ಓಡುವ ಕುದುರೆಗೆ ಬಯಲು ಸಿಕ್ಕಿತ್ತು. ಅವನು ಪ್ರೊಸೆಸರನ್ನು ಖಾಚಿನಲ್ಲಿಟ್ಟು ಪಕ್ಕದ ಕಡ್ಡಿಯನ್ನು ಮೆಲ್ಲನೆ ಒತ್ತಿದ. ಹೊಸ ಬೋರ್ಡಿನ ಕರಿ ಮುಚ್ಚಳ ಟಪ್ಪೆಂದು ಹಾರಿ ಬಿತ್ತು. ಕೇತಕಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

ವಿಕ್ರಮ ಅದನ್ನು ಎತ್ತಿ ಅವಳ ಕಡೆ ಚಾಚಿದ. "ಹಿಡಿ. ಕಿಲ್ಲಾ ಇರೂತನಕ ನಿಂದು."

"ನಿನಗ ಮತ್ತ ಬೇಕಾದ್ರ?"

"ಬೇಕಾದ್ರ ಎಲ್ಲದ ಅಂತ ಈಗ ಗೊತ್ತದಲಾ."

ತುಳಸಿ ಲಗ್ನ ಮುಗಿಯಿತು. ಮಕ್ಕಳು ಕಿಲ್ಲೆಗಳನ್ನು ಒಡೆದು ಮಣ್ಣನ್ನು ಗಿಡಗಳ ಬುಡಕ್ಕೆ ಹಾಕಿದರು. ಅಜ್ಜಿ ಮಹಾರಾಜರನ್ನು ಅರಿವೆಯಲ್ಲಿ ಸುತ್ತಿ, ಮುಂದಿನ ವರ್ಷಕ್ಕೆಂದು ಮೇಲಿಟ್ಟರು.

ವಿಕ್ರಮ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಫ್ಯಾನು ಗುಂಯ್‌ಗುಟ್ಟುತ್ತಿತ್ತು. ಕೇತಕಿ ಬಂದು ಅವನ ಕೈಹತ್ತಿರ ಮುಚ್ಚಳ ಇಟ್ಟಳು. ಅವನು ಅದನ್ನು ಬೆಳಕಿಗೆ ಹಿಡಿದು ನಾಲ್ಕೂ ಮೂಲೆ ನೋಡಿದ. ಎಲ್ಲಿಯೂ ಮಣ್ಣಿರಲಿಲ್ಲ.

ಕೇತಕಿ ಆಗಲೇ ಬೋರ್ಡಿನ ಖಾಲಿ ಡಬ್ಬಿ ತೆರೆದು ಹಿಡಿದಿದ್ದಳು.