ಹನ್ನೆರಡನೇ ರೀಲಿನ ಕರಿದಾರ

ಬ್ಲೇಡು ರೀಲಿನ ಡಬ್ಬಿಗೆ ಸುತ್ತಿದ್ದ ಕರಿದಾರಕ್ಕೆ ತಗುಲುವಷ್ಟರಲ್ಲಿ ಪುಟ್ಟಗೌರಮ್ಮ ಹೇಮಂತನ ಮಣಿಕಟ್ಟು ಹಿಡಿದಳು.

“ಅದೊಂದ ಬುಟ್ಬುಡು ಮಗ. ಅನ್ನೊಂದು ರೀಲೂ ತಕ್ಕೊಂಡೋಗು. ಕೊನೇದು ಬ್ಯಾಡ.”

“ನಾಯಕಿ ಸಾಯೋದೇ ಕೊನೇ ರೀಲಲ್ಲಿ ಅಜ್ಜಿ. ಅದಿಲ್ದಿದ್ರೆ ಪಿಕ್ಚರೇ ಇಲ್ಲ.”

“ಈ ಪಿಚ್ಚರ್ ನೋಡ್ನೋಡಿ ಒಂದು ಎಣ್ಮಗ ಇಸ ಕುಡುದ್ಲು. ಅವಳವ್ವ ಈ ದಾರ ಕಟ್ಸಿ ರೀಲ್‌ಗೇ ಮಾಟ ಮಾಡ್ಸವ್ಳೆ. ಇದ ತಿರುಗಿಸ್ದೋನ ಮನೆಯೋರೂ ಅಂಗೇ ಕುಡೀಬೇಕು ಅಂತ.”

“ಮಾಟಕ್ಕೆ ಉರ್ದು ಬರ್ತದಾ?” ಹೇಮಂತ ನಕ್ಕ.

ಹಳೆಯ ರೀಲುಗಳನ್ನು ಕಂಪ್ಯೂಟರಿಗೆ ಇಳಿಸುವುದು ಅವನ ಕಸುಬು. ಪ್ರೇಮಕಾವ್ಯವೊಂದರಿಂದ ಹುಟ್ಟಿದ, ಮೈತುಂಬ ಹಾಡುಗಳಿದ್ದ ಈ ಉರ್ದು ಚಿತ್ರದ ಪ್ರತಿ ಬೇರೆಲ್ಲೂ ಉಳಿದಿರಲಿಲ್ಲ. ಅದು ನರಸೀಪುರದ ಈ ಮುಚ್ಚಿದ ಟಾಕೀಸಿನಲ್ಲಿ, ತೀರಿಕೊಂಡ ಆಪರೇಟರ್ ಚಲುವಯ್ಯನ ಹೆಂಡತಿ ಪುಟ್ಟಗೌರಮ್ಮನ ಕೈಲಿತ್ತು. ಮುದುಕಿಯ ಮೇಲೆ ಅವನಿಗೆ ಬೆಳಗಿನಿಂದಲೂ ಗುಮಾನಿ. ಮಾತು ಮಾತಿಗೆ ಬಾಗಿಲ ಕಡೆ ನೋಡುತ್ತಿದ್ದಳು. ಕೊನೆಯ ರೀಲನ್ನು ಬೇರೆ ಯಾರಿಗೋ ಮಾರಲು ಒಪ್ಪಿಕೊಂಡಿರಬೇಕು. ಅವಳು ಕೊಟ್ಟ ಕಾಫಿಯನ್ನೂ ಅವನು ಮುಟ್ಟಿರಲಿಲ್ಲ.

ಕೈ ಬಿಡಿಸಿಕೊಂಡು ದಾರ ಕಡಿದ.

ಡಬ್ಬಿ ತೆರೆದೊಡನೆ ಕೊಳೆತ ಹುಣಸೆಯಂಥ ಹುಳಿ ನಾತ ಗಂಟಲಿಗೆ ಹೊಡೆಯಿತು. ಹಳೆಯ ಫಿಲ್ಮು ಹೀಗೇ ನಾರುತ್ತದೆ, ಅವನಿಗೆ ಗೊತ್ತು. ಹೊರಗೆ ಮಟಮಟ ಮಧ್ಯಾಹ್ನವಾದರೂ ಕಿಟಕಿಯಿಲ್ಲದ ಆಪರೇಟರ್ ಕೋಣೆಯಲ್ಲಿ ಕತ್ತಲೆ ಕಂಬಳಿಯಂತೆ ಬಿದ್ದಿತ್ತು. ರೀಲನ್ನು ಸುತ್ತುವ ಮೇಜಿಗೆ ಏರಿಸಿ, ಕೈಟಾರ್ಚನ್ನು ಫಿಲ್ಮಿನ ಹಿಂದಿಟ್ಟು ಹಿಡಿಕೆ ತಿರುಗಿಸಿದ.

ದೀಪಗಳು. ಮದುವೆಮನೆ. ವಿಷದ ಬಟ್ಟಲಿಗೆ ಚಾಚಿದ ನಾಯಕಿಯ ಕೈ. ಮುಸುಕು ಸರಿಯಿತು.

ಮುಸುಕಿನೊಳಗೆ ಇದ್ದವಳು ಕವನ.

ಅವನ ಹೆಂಡತಿ. ಅದೇ ಗಲ್ಲದ ಮಚ್ಚೆ.

ಹೇಮಂತ ಕೈ ತೆಗೆದ. ಹಿಡಿಕೆ ನಿಲ್ಲಲಿಲ್ಲ. ತಾನೇ ತಿರುಗಿತು. ಬಟ್ಟಲು ಮೇಲೆದ್ದಿತು. ತಟ್ಟನೆ ಹಿಡಿದ. ಬಟ್ಟಲು ಅಲ್ಲೇ ನಿಂತಿತು. ಹಿಂದಕ್ಕೆ ತಿರುಗಿಸಲು ನೋಡಿದ, ಜಗ್ಗಲಿಲ್ಲ. ಇನ್ನೊಂದು ಕೈಯಿಂದ ನಂಜನಗೂಡಿನ ಮನೆಗೆ ಫೋನ್ ಮಾಡಿದ.

“ಕವನಾ, ಏನ್ಮಾಡ್ತಿದೀಯ?”

ಉಸಿರಿನ ಸದ್ದು. ಆಮೇಲೆ ಸಣ್ಣ ದನಿ. “ಲೋಟ ಎತ್ಕೊಂಡಿದೀನಿ ಕಣೋ. ಕೈ ಇಳೀತಿಲ್ಲ.”

“ಏನಿದೆ ಅದ್ರಲ್ಲಿ?”

“ಗೊತ್ತಿಲ್ಲ. ನೀರೇ ತುಂಬ್ಕೊಂಡಿದ್ದು. ಈಗ ಹುಳಿ ವಾಸ್ನೆ ಬರ್ತಿದೆ... ಹೇಮಂತ್, ಇಲ್ಲಿ ಯಾರು ಹಾಡ್ತಿರೋದು?”

ಹಾಡು ಫೋನಿನಲ್ಲೂ ಕೇಳಿತು. ಕೋಣೆಯಲ್ಲೂ ಕೇಳಿತು. ಉರ್ದು. ಹೆಣ್ಣುದನಿ. ಹಿಡಿಕೆ ಅಂಗೈಯನ್ನು ಒತ್ತಿತು. ಫಿಲ್ಮಿನ ಒಂದು ಚೌಕ ಜಾರಿತು. ಅತ್ತ ಕವನ ಚೀರಿದಳು. ಇನ್ನೊಂದು. ಬೆರಳು ಬೆವರಿತು. ತುಟಿಗೂ ಬಟ್ಟಲಿಗೂ ಇನ್ನು ಗೇಣುದ್ದ.

“ಅಜ್ಜೀ! ಇದನ್ನ ಹಿಡ್ಕೊಳ್ಳಿ! ಒಂದು ಗಂಟೆ ಸಾಕು. ನಾನು ಮನೆ ಮುಟ್ಟಿಬಿಡ್ತೀನಿ. ದಮ್ಮಯ್ಯ!”

ಬಾಗಿಲಲ್ಲಿ ನಿಂತಿದ್ದ ಪುಟ್ಟಗೌರಮ್ಮ ಒಳಗೆ ಬಂದಳು. ಫಿಲ್ಮಿನೊಳಗಿನ ಮುಖವನ್ನು ಬಾಗಿ ನೋಡಿದಳು. ಬಿದ್ದಿದ್ದ ದಾರದ ತುಂಡುಗಳನ್ನು ಆಯ್ದು ಸೆರಗಿಗೆ ಕಟ್ಟಿಕೊಂಡಳು.

“ಬ್ಯಾಡ ಅಂದೆ. ನಕ್ಬುಟ್ಟೆ. ಮಾಟ ಮಾಡ್ಸಿದ್ದವ್ವ ನಾನೇ ಕಣ್ಮಗ. ನನ್ ಮಗಳು ಲೋಟ ಎತ್ತಿದ್ ದಿನ ಅವಳಪ್ಪ ಇದೇ ರೂಮಲ್ಲಿ ಇದೇ ರೀಲ್ ಓಡುಸ್ತಾ ಕೂತಿದ್ದ. ಯಾರೂ ಅವಳ ಕೈ ಇಡೀನಿಲ್ಲ.”

“ಕವನ ಏನು ಮಾಡಿದ್ಲು ಅಜ್ಜಿ? ಹಿಡೀರಿ!”

ಹೇಮಂತ ಹಿಡಿಕೆಯನ್ನು ಅವಳತ್ತ ಬಾಗಿಸಿದ. ಪುಟ್ಟಗೌರಮ್ಮ ಎರಡೂ ಕೈಗಳನ್ನು ಬೆನ್ನ ಹಿಂದಕ್ಕೆ ಕಟ್ಟಿಕೊಂಡಳು.

“ಇಡ್ಕಳಲ್ಲ.”