ಸುಶೀಲಾಬಾಯಿಯ ಮೂವತ್ತೊಂದು ಪುಟ

"ಆ ಪುಟ ಮುಟ್ಟಬ್ಯಾಡ್ರಿ!"

ಸಿಟ್ಟಿನಲ್ಲಿ ಬಾಯಿಂದ ಕನ್ನಡವೇ ಬಂದುಬಿಟ್ಟಿತ್ತು. ನಾಸಿಕದ ಸಾತಪುರದ ಪಂಪು ಕಾರ್ಖಾನೆಯಲ್ಲಿ ಅದು ಯಾರಿಗೆ ತಿಳಿದೀತು? ಪ್ರಿಯಂವದಾ ನಾಲಿಗೆ ಕಚ್ಚಿಕೊಂಡಳು.

ಅವಳ ಕಂಪ್ಯೂಟರಿನ ಮುಂದೆ ಕೂತಿದ್ದ ಯುವಕ ಎರಡೂ ಕೈ ಮೇಲೆತ್ತಿದ. "ಮುಟ್ಟಲಿಲ್ಲ ಮಾರಾಯ್ರೆ... ಬರೀ ನೋಡ್ತಿದ್ದೆ!"

ಅಯ್ಯೋ, ಇವನಿಗೂ ಕನ್ನಡ ಬರುತ್ತದೆ!

ಅವನ ಹೆಸರು ದೀಪಕ. ಔರಂಗಾಬಾದಿನಲ್ಲಿ ನೆಲೆಸಿದ ಕರಾವಳಿಯ ಮನೆತನ. ಕಂಪನಿಯ ಇನ್ನೊಂದು ಕಾರ್ಖಾನೆಯೂ ಮುಖ್ಯ ಕಚೇರಿಯೂ ಅಲ್ಲೇ; ಅವನಿಗೆ ಕಚೇರಿಯಲ್ಲಿ ಕೆಲಸ. ಪ್ರಿಯಂವದಾ, ಬಾಗಲಕೋಟೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಅಧಿಕಾರಿಯ ಮಗಳು. ಆಗ ೨೦೧೧ನೇ ಇಸವಿ.

ಯಾವ ಯಂತ್ರ ಕೆಟ್ಟರೆ ಏನು ಮಾಡಬೇಕೆಂದು ಕೆಲಸಗಾರರ ಬಾಯಿಂದಲೇ ಕೇಳಿ, ಎರಡು ವರ್ಷದಿಂದ ಅವಳೊಂದು ವಿಕಿ ಕಟ್ಟಿದ್ದಳು. ಎಲ್ಲರೂ ತಿದ್ದಬಹುದಾದ ಪುಟಗಳು. ಪ್ರತಿ ಪುಟದ ಕೆಳಗೆ ಹೇಳಿದವರ ಹೆಸರು. ಅದನ್ನು ಕಂಪನಿಯ ಒಳಜಾಲವಾದ ಇಂಟ್ರಾನೆಟ್ಟಿನೊಳಗೆ ಕೂರಿಸಿ ಎರಡೂ ಊರಿನ ಕಾರ್ಖಾನೆಗಳಿಗೆ ಕಾಣುವಂತೆ ಮಾಡಲು ದೀಪಕ ಬಂದಿದ್ದ.

ಮೂರು ವಾರ ಅಕ್ಕಪಕ್ಕದಲ್ಲಿ ಕೂತು ಕೆಲಸ ಮಾಡಿದರು.

"ನಿಮ್ಮ ಕನ್ನಡದಲ್ಲಿ ಎಲ್ಲದಕ್ಕೂ ‘ರಿ’ ಯಾಕೆ?"

"ಮರ್ಯಾದಿ ರೀ! ನಿಮಗೂ ಸ್ವಲ್ಪ ಕಲಿಸಬೇಕು."

ಅವನು ನಕ್ಕರೆ ಅವಳಿಗೆ ಟೈಪಿಂಗ್ ತಪ್ಪುತ್ತಿತ್ತು. ‘ಛೆ, ಏನಾಗೇದ ನನಗ...’

ಅವನು ಔರಂಗಾಬಾದಿಗೆ ಮರಳಿದ ಮರುದಿನವೇ ಪುಟಗಳು ಇಂಟ್ರಾನೆಟ್ಟಿನಲ್ಲಿ ತೆರೆದುಕೊಂಡವು. ಅಚ್ಚುಕಟ್ಟಾಗಿದ್ದವು. ಆದರೆ ಕೆಳಗೆ ಒಂದೂ ಹೆಸರಿಲ್ಲ! ಮೇಲೆ ಮಾತ್ರ ನಾಸಿಕ ಕಾರ್ಖಾನೆಯ ಮುಖ್ಯಸ್ಥ ಜಯಂತ್ ಅವರ ಹೆಸರು.

"ಪೋರಿ, ನನ್ನ ಹೆಸರೆಲ್ಲಿ?" ಸುಶೀಲಾಬಾಯಿ ಮರಾಠಿಯಲ್ಲಿ ಕೇಳಿದಳು.

ನಾಸಿಕದ ಪಕ್ಕದ ದೇವಳಾಲಿ ಕ್ಯಾಂಪಿನಿಂದ ಹದಿನೆಂಟು ವರ್ಷಗಳಿಂದ ಗುತ್ತಿಗೆಯ ಮೇಲೆ ದುಡಿಯಲು ಬರುತ್ತಿದ್ದವಳು. ಪಂಪಿನ ಮೇಲೆ ಅಂಗೈ ಇಟ್ಟರೆ ಸಾಕು, ಒಳಗಿನ ಬೇರಿಂಗ್ ಸವೆದದ್ದು ಅವಳಿಗೆ ತಿಳಿಯುತ್ತಿತ್ತು. ಮೂವತ್ತೊಂದು ಪುಟ ಅವಳದೇ. ಮುಂದಿನ ತಿಂಗಳು ಗುತ್ತಿಗೆ ಮುಗಿಯುವಾಗ ಆ ಪುಟಗಳನ್ನು ತೋರಿಸಿ ಕಾಯಂ ಕೆಲಸ ಕೇಳಬೇಕೆಂದಿದ್ದಳು.

ಪ್ರಿಯಂವದಾ ದೀಪಕನಿಗೆ ಫೋನ್ ಮಾಡಿದಳು. "ಹೆಸರು ಯಾಕ ತೆಗದ್ರಿ?"

"ಪುಟದ ನಡುಭಾಗ ಮಾತ್ರ ತೋರಿಸು ಅಂತ ಜಯಂತ್ ಸರ್ ಮೇಲ್ ಮಾಡಿದ್ರು. ಬರೀ ಒಂದು ಸೆಟ್ಟಿಂಗ್ ಅಲ್ವಾ..."

"ನಿಮಗ ಅದು ಸೆಟ್ಟಿಂಗ್. ಆಕಿಗೆ ಅದು ಹದಿನೆಂಟು ವರ್ಷದ ದುಡಿಮಿ!"

ಫೋನ್ ಕುಕ್ಕಿದಳು. ಕಣ್ಣು ತುಂಬಿತ್ತು. ಅವನೂ ದೊಡ್ಡವರ ಕಡೆಯವನೇ! ಆಮೇಲೆ ಅವನು ಎಷ್ಟು ಸಲ ಕರೆ ಮಾಡಿದರೂ ಎತ್ತಲಿಲ್ಲ.

ಜಯಂತ್ ಅವಳನ್ನು ಕರೆಸಿ ಹಿಂದಿಯಲ್ಲಿ ಹೇಳಿದರು: ಗುತ್ತಿಗೆಯವರ ಹೆಸರು ಕಂಪನಿಯ ಪುಟದಲ್ಲಿ ಶೋಭಿಸುವುದಿಲ್ಲ, ನಿನ್ನ ಕೆಲಸ ನೀನು ನೋಡಿಕೋ.

ಗುರುವಾರ ಔರಂಗಾಬಾದಿನಲ್ಲಿ ಕಂಪನಿಯ ನಿರ್ದೇಶಕಿಯ ಮುಂದೆ ಹೊಸ ಇಂಟ್ರಾನೆಟ್ಟಿನ ಪ್ರದರ್ಶನ. ಪ್ರಿಯಂವದಾಗೆ ಕರೆ ಇರಲಿಲ್ಲ. ಅವಳು ರಜೆ ಹಾಕಿ, ಸುಶೀಲಾಬಾಯಿಯನ್ನು ಜೊತೆಗೆ ಕರೆದುಕೊಂಡು ನಸುಕಿನ ಬಸ್ಸು ಹತ್ತಿದಳು. ಕೆಲಸ ಹೋದರೆ ಹೋಗಲಿ!

ಸಭೆಯ ಬಾಗಿಲನ್ನು ತಳ್ಳಿಯೇ ಒಳಹೋದಳು.

"ಮೇಡಂ, ಈ ಪುಟಗಳನ್ನ ಹೇಳಿದವರು ಇವರು. ನಾನು ಬರೀ ಟೈಪ್ ಮಾಡಿದವಳು," ಎಂದು ಹಿಂದಿಯಲ್ಲಿ ಹೇಳಿ ಸುಶೀಲಾಬಾಯಿಯನ್ನು ಮುಂದೆ ನಿಲ್ಲಿಸಿದಳು.

"ಹೊರಗೆ ನಡಿ!" ಜಯಂತ್ ಗುಡುಗಿದರು.

"ಒಂದು ನಿಮಿಷ, ಸರ್."

ಪ್ರೊಜೆಕ್ಟರಿನ ಪಕ್ಕದಿಂದ ದೀಪಕ ಎದ್ದು ನಿಂತ. ಗುಂಡಿ ಒತ್ತಿದ. ಗೋಡೆಯ ಮೇಲೆ ಇಡೀ ಪುಟ ಮೂಡಿತು. ಕೆಳಗೆ, ‘ಹೇಳಿದವರು: ಸುಶೀಲಾಬಾಯಿ.’ ಮುಂದಿನ ಪುಟದಲ್ಲೂ ಅದೇ ಹೆಸರು. ಅದರ ಮುಂದಿನದರಲ್ಲೂ!

"ಹೆಸರು ಮರೆಮಾಡಿದ್ದು ನಾನೇ. ಮೇಲ್ ಬಂತು, ಯೋಚಿಸದೆ ಮಾಡಿದೆ. ಮೊನ್ನೆಯೇ ಪೂರ್ತಿ ಪುಟ ಕೂರಿಸಿಟ್ಟಿದ್ದೆ, ಈಗ ಎಲ್ಲರಿಗೂ ತೆರೆದಿದ್ದೇನೆ. ಮತ್ತೆ ತೆಗೆ ಅಂದರೆ ತೆಗೆಯುವುದಿಲ್ಲ."

ಪ್ರಿಯಂವದಾ ಅವನತ್ತ ತಿರುಗಿದಳು. ಮೊನ್ನೆಯೇ? ಅವನು ಅಷ್ಟು ಸಲ ಫೋನ್ ಮಾಡಿದ್ದು ಇದನ್ನು ಹೇಳಲಿಕ್ಕಾ...

ಬೇರಿಂಗ್ ಸವೆದದ್ದು ಹೇಗೆ ತಿಳಿಯುತ್ತದೆಂದು ನಿರ್ದೇಶಕಿ ಕೇಳಿದರು. ಸುಶೀಲಾಬಾಯಿ ಕಾಲು ಗಂಟೆ ಉತ್ತರಿಸಿದಳು, ಮೇಜಿನ ಮೇಲೆ ಅಂಗೈ ಇಟ್ಟು ತೋರಿಸುತ್ತ. ಮುಂದಿನ ತಿಂಗಳಿಂದ ಹೊಸಬರಿಗೆ ಕಲಿಸುವ ಕಾಯಂ ಕೆಲಸ ಅವಳಿಗೆಂದು ಅಲ್ಲೇ ತೀರ್ಮಾನವಾಯಿತು. ಅಪ್ಪಣೆ ಮೀರಿದ್ದಕ್ಕೆ ದೀಪಕನಿಗೂ ಪ್ರಿಯಂವದಾಗೂ ಒಂದೊಂದು ಎಚ್ಚರಿಕೆಯ ಮೆಮೊ.

ಸಂಜೆ ಅಲ್ಲಿನ ಕಾರ್ಖಾನೆಯ ಗೇಟಿನ ಬಳಿ ದೀಪಕ ಅವಳಿಗಾಗಿ ಕಾದಿದ್ದ.

"ನನ್ನ ಫೋನ್ ಯಾಕೆ ಎತ್ತಲಿಲ್ಲ?"

"ಎತ್ತಿದ್ರ ಕ್ಷಮಿಸಿಬಿಡ್ತಿದ್ದೆ. ಅದಕ್ಕ."

"ತಪ್ಪು ನನ್ನದೇ. ಮತ್ತೆ... ನನಗೆ ಕನ್ನಡದಲ್ಲಿ ಇದನ್ನ ಹೇಗೆ ಹೇಳೋದು ಗೊತ್ತಿಲ್ಲ. ನೀವಂದ್ರೆ ನನಗೆ ತುಂಬಾ ಇಷ್ಟ, ಪ್ರಿಯಂವದಾ."

"ನಮ್ಮ ಅಪ್ಪ ಒಪ್ಪಲಿಕ್ಕಿಲ್ಲ."

"ನಮ್ಮಲ್ಲೂ ಒಪ್ಪಲ್ಲ. ನೀವು?"

ಅವಳು ಕೈ ಚಾಚಿ ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪಾಳಿ ಮುಗಿದು ಗೇಟಿನಿಂದ ಜನ ಹೊರಬರುತ್ತಿದ್ದರು.

"ಎಲ್ಲರೂ ನೋಡ್ತಿದ್ದಾರೆ..." ಅವನು ಪಿಸುಗುಟ್ಟಿದ.

"ನೋಡ್ಲಿ ಬಿಡ್ರಿ!"