ಕೆನ್ನೆಯ ಮೇಲಿನ ಮಚ್ಚೆ

ಅವನು ಬರುವುದು ಕಂಡು ಅವಳು ಮತ್ತೆ ಗೋಡೆಯ ಕಡೆ ತಿರುಗಿದಳು.

"ನನ್ನ ಮೇಲೆ ಕೋಪವಾ?"

"ಇಲ್ಲ, ಬಿಡಿ. ಕೆಲಸ ಇದೆ."

ಹಳೆಯ ಚಿತ್ರಗಳ ಕೊಳೆ ತೆಗೆದು ಸರಿಪಡಿಸುವುದು ಅವಳ ಕೆಲಸ. ಅವನು ಆ ಚಿತ್ರಗಳಿದ್ದ ಮನೆತನದ ಮೊಮ್ಮಗ. ಮುತ್ತಜ್ಜ ಊರೂರು ಸುತ್ತಿ ಕೂಡಿಹಾಕಿದ್ದ ಚಿತ್ರ, ಗಡಿಯಾರ, ದಂತದ ಪೆಟ್ಟಿಗೆಗಳನ್ನೆಲ್ಲ ಅಜ್ಜಿ ಬಂಗಲೆ ಸಮೇತ ಮ್ಯೂಸಿಯಂಗೆ ಬಿಟ್ಟುಕೊಟ್ಟಿದ್ದರು. ಈಗ ಅವನು ಅಲ್ಲೇ ಗೈಡ್. ಅಜ್ಜಿಯ ಚಿತ್ರದ ಮುಂದೆ ನಿಂತು ತನ್ನ ಎಡಗೆನ್ನೆಯ ಮಚ್ಚೆ ಮುಟ್ಟಿಕೊಂಡು, "ಎಲ್ಲಾ ನಿಮಗೇ ಕೊಟ್ಟುಬಿಟ್ರು. ನನಗೆ ಉಳಿದಿದ್ದು ಇದೊಂದೇ" ಎಂದು ಜನರನ್ನು ನಗಿಸುತ್ತಿದ್ದ.

ಚಿತ್ರದಲ್ಲಿ ಅಜ್ಜಿಗೂ ಅದೇ ಜಾಗದಲ್ಲಿ ಮಚ್ಚೆ ಇತ್ತು, ಹೋದ ವಾರದವರೆಗೆ. ಅವಳು ಕೊಳೆ ತೆಗೆಯುವ ದ್ರವದಲ್ಲಿ ಅದ್ದಿದ ಹತ್ತಿಯಿಂದ ಚಿತ್ರದ ಕೆನ್ನೆ ಒರೆಸುತ್ತಿದ್ದಾಗ ಬಾಗಿಲಲ್ಲಿ ಅವನು ನಕ್ಕಿದ್ದ. ಅವಳು ಅತ್ತ ನೋಡಿದಳು, ಕೈ ನಿಲ್ಲಲಿಲ್ಲ. ಅವನ ಮಚ್ಚೆಯನ್ನು ನೋಡುತ್ತ ಅಜ್ಜಿಯ ಮಚ್ಚೆಯನ್ನು ಒರೆಸಿಬಿಟ್ಟಿದ್ದಳು.

ಅಂದಿನಿಂದ ಹೇಳಬೇಕೆಂದು ಹೋದರೆ ಅವನ ಕೆನ್ನೆ ಕಂಡು ಗೋಡೆಯ ಕಡೆ ತಿರುಗಿಬಿಡುತ್ತಿದ್ದಳು.

ಇಂದು ತಡೆಯಲಾಗಲಿಲ್ಲ. "ಅಜ್ಜಿ ಮಚ್ಚೆ ಅಳಿಸಿದ್ದು ನಾನೇ."

"ಗೊತ್ತು. ಅವತ್ತಿಂದಾನೇ."

ಅವಳು ತಲೆಯೆತ್ತಿದಳು. ಆಗ ಕಂಡಿತು. ಚಿತ್ರದ ಮೇಲಿನ ದೀಪವನ್ನು ಯಾರೋ ಓರೆ ಮಾಡಿದ್ದರು. ಅಜ್ಜಿಯ ಎಡಗೆನ್ನೆ ಬೆಳಕಿಗೆ ಹೊಳೆದು, ಅಲ್ಲಿ ಏನಿದೆ ಏನಿಲ್ಲ ಎಂದು ತಿಳಿಯುತ್ತಿರಲಿಲ್ಲ. ಅವನು ತನ್ನ ಜೋಕನ್ನೂ ಬಿಟ್ಟಿದ್ದ ಎಂಬುದು ಈಗ ನೆನಪಾಯಿತು.

"ನಿಮಗೆ ಉಳಿದಿದ್ದು ಅದೊಂದೇ ಅಂತಿದ್ರಿ..." ಅವಳ ಕಣ್ಣು ತುಂಬಿತು.

"ಅಜ್ಜಿ ಇದ್ದಿದ್ರೆ ನನ್ನ ಕಿವಿ ಹಿಂಡೋರು. ಕೆಲಸ ಮಾಡೋ ಹುಡುಗಿ ಮುಂದೆ ಹಲ್ಲು ಕಿರೀತೀಯೇನೋ ಅಂತ."

"ಮೇಡಂಗೆ ಹೇಳಲೇಬೇಕು."

"ಹೇಳೋಣ. ಇಬ್ರೂ ಹೋಗಿ ಬೈಸ್ಕೊಳ್ಳೋಣ."

ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮೇಡಂ ಮನಸಾರೆ ಬೈದರು. ಆಮೇಲೆ, ಮಚ್ಚೆ ಮತ್ತೆ ಬರೆಯಲು ಒಪ್ಪಿದರು. ಉಳಿದಿದ್ದ ಅಜ್ಜಿಯ ಹಳೆಯ ಕಪ್ಪು-ಬಿಳುಪು ಫೋಟೋದಲ್ಲಿ ಮಚ್ಚೆ ಕಾಣುತ್ತಿತ್ತು, ಬಣ್ಣ ತಿಳಿಯುತ್ತಿರಲಿಲ್ಲ.

ಅವನು ಸ್ಟೂಲ್ ಎಳೆದುಕೊಂಡು ಕಿಟಕಿಯ ಬೆಳಕಿಗೆ ಎಡಗೆನ್ನೆ ಕೊಟ್ಟು ಕುಳಿತ. "ಬಣ್ಣ ಇಲ್ಲಿದೆ. ಸರಿಯಾಗಿ ನೋಡ್ಕೊಳ್ಳಿ."

ಅವಳು ನೋಡಿದಳು. ಬಣ್ಣ ಕಲಸಿದಳು. ಮತ್ತೆ ನೋಡಿದಳು, ಕೆಲಸಕ್ಕೆ ಬೇಕಿದ್ದುದಕ್ಕಿಂತ ತುಸು ಹೆಚ್ಚು ಹೊತ್ತು.

"ಮುಗೀತಾ?"

"ಅಲ್ಲಾಡಬೇಡ."

ಅವನ ಕೆನ್ನೆ ಮೆಲ್ಲಗೆ ಕೆಂಪಾಯಿತು. "ಇದುವರೆಗೆ 'ಬೇಡಿ' ಅಂತಿದ್ರಿ. ಅದೂ ಅಳಿಸಿಹೋಯ್ತಾ?"

ಅವಳು ಕುಂಚ ಅದ್ದಿ ಅಜ್ಜಿಯ ಕಡೆ ತಿರುಗಿದಳು.

"ಅದನ್ನ ಗೊತ್ತಿದ್ದೇ ಅಳಿಸಿದೆ."